ಉಡದ ಎಣ್ಣೆ, ಕತ್ತೆ ಹಾಲು, ಪಾರಿವಾಳದ ರಕ್ತ: ನಾಟಿ ಮದ್ದಿನಲ್ಲಿ ಹುರುಳೆಷ್ಟು?

ಪ್ರಶ್ನೆ: ನಾವು ಹಾವೇರಿ ಕಡೆಯವರು. ನಮ್ಮ ಅತ್ತೆಗೆ 64 ವರ್ಷ. ಎರಡೂ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ನಮ್ಮ ಭಾವ ಸಂತೆಯಿಂದ 800 ರೂಪಾಯಿ ಕೊಟ್ಟು ಒಂದು ಸಣ್ಣ ಬಾಟಲಿ ಉಡದ ಎಣ್ಣೆ ತಂದಿದ್ದಾರೆ. ಊರಿನ ನಾಟಿ ವೈದ್ಯರು ಅದನ್ನೇ ಹಚ್ಚಿ ತಿಕ್ಕುತ್ತಿದ್ದಾರೆ. ಅತ್ತೆಗೆ ಸ್ವಲ್ಪ ಆರಾಮ ಅನಿಸಿದೆ. ನನ್ನ ಎಂಟು ತಿಂಗಳ ಮಗುವಿನ ಕಫಕ್ಕೆ ಕತ್ತೆ ಹಾಲು, ಗೋರೋಚನ ಕೊಡಿ ಅಂತಲೂ ಹೇಳಿದ್ದಾರೆ. ಹೋದ ವರ್ಷ ಪಕ್ಕದ ಮನೆಯವರಿಗೆ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿತ್ತು. ಇದೇ ವೈದ್ಯರು ಪಾರಿವಾಳದ ರಕ್ತ ಹಚ್ಚಿ ತಿಂಗಳಲ್ಲಿ ವಾಸಿ ಮಾಡಿದರು. ಹಾಗಾಗಿ ಮನೆಯಲ್ಲಿ ಯಾರೂ ನನ್ನ ಮಾತು ಕೇಳಲ್ಲ. ಇದರಲ್ಲಿ ನಿಜವಾಗಿ ಏನಾದರೂ ಇದೆಯಾ? ಎಣ್ಣೆ ಇಟ್ಟುಕೊಂಡರೆ ಕೇಸ್ ಆಗುತ್ತಾ? ಅತ್ತೆಗೆ ಹೇಗೆ ಹೇಳಲಿ?

ಉತ್ತರ: ಎಣ್ಣೆಯ ಮಾತು ಆಮೇಲೆ. ನಿಮ್ಮ ಮನೆಯವರ ನಂಬಿಕೆ ನಿಂತಿರುವುದು ಪಕ್ಕದ ಮನೆಯವರ ಬಾಯಿ ಸರಿಹೋಗಿದ್ದರ ಮೇಲೆ. ಆ ಗಂಟು ಬಿಡಿಸದೆ ಉಡದ ಬಗ್ಗೆ ಎಷ್ಟು ಹೇಳಿದರೂ ದಂಡ.

ಬಾಯಿ ಸೊಟ್ಟಗಾದರೆ ನಮ್ಮ ಕಡೆ ಎಲ್ಲವನ್ನೂ ಲಕ್ವ ಅಂತಲೇ ಕರೆಯುತ್ತೇವೆ. ಆದರೆ ಅಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದು ಪಾರ್ಶ್ವವಾಯು. ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಆಗುವಂಥದ್ದು. ಸಾಮಾನ್ಯವಾಗಿ ಒಂದು ಕಡೆಯ ಕೈಕಾಲಿನ ಶಕ್ತಿಯೂ ಹೋಗುತ್ತದೆ, ಮಾತು ತೊದಲುತ್ತದೆ. ಇನ್ನೊಂದು, ಕಿವಿಯ ಹಿಂದಿನಿಂದ ಮುಖಕ್ಕೆ ಬರುವ ನರ ಊದಿಕೊಂಡು ಮುಖದ ಒಂದು ಭಾಗ ಮಾತ್ರ ಜೋತುಬೀಳುವುದು. ಡಾಕ್ಟರುಗಳು ಇದನ್ನು ಬೆಲ್ಸ್ ಪಾಲ್ಸಿ ಅನ್ನುತ್ತಾರೆ. ಆ ಕಡೆಯ ಕಣ್ಣು ಮುಚ್ಚಲು ಬರುವುದಿಲ್ಲ, ಹಣೆ ಸುಕ್ಕಾಗುವುದಿಲ್ಲ, ಕುಡಿದ ನೀರು ಬಾಯಂಚಿನಿಂದ ಸೋರುತ್ತದೆ. ಕೈಕಾಲು ಮಾತ್ರ ಗಟ್ಟಿಯಾಗಿಯೇ ಇರುತ್ತವೆ.

ಈ ಎರಡನೆಯದಕ್ಕೆ ಏನೂ ಔಷಧಿ ಕೊಡದೆ ಬಿಟ್ಟರೂ ಹತ್ತರಲ್ಲಿ ಏಳು ಮಂದಿಗೆ ಪೂರ್ತಿ ವಾಸಿಯಾಗುತ್ತದೆ. ಹೆಚ್ಚಿನವರಿಗೆ ಮೂರು ವಾರದೊಳಗೇ ಸುಧಾರಣೆ ಶುರುವಾಗುತ್ತದೆ. ಈಗ ಲೆಕ್ಕ ಹಾಕಿ. ನಾಟಿ ವೈದ್ಯರ ಬಳಿ ಇಂಥ ಹತ್ತು ಜನ ಬಂದರೆ ಏಳು ಜನ ನೆಟ್ಟಗಾಗಿ ಮನೆಗೆ ಹೋಗುತ್ತಾರೆ. ಪಾರಿವಾಳದ ರಕ್ತ ಹಚ್ಚಿದರೂ ಅಷ್ಟೇ, ಬರೀ ನೀರು ಹಚ್ಚಿದರೂ ಅಷ್ಟೇ. ಆ ಏಳು ಜನ ಊರೂರಿಗೆ ಹೇಳುತ್ತಾರೆ. ಉಳಿದ ಮೂವರು ಸುಮ್ಮನಿರುತ್ತಾರೆ. ವೈದ್ಯರು ಮೋಸ ಮಾಡುತ್ತಿಲ್ಲ, ಅವರಿಗೂ ಕಣ್ಣಿಗೆ ಕಾಣುವುದು ವಾಸಿಯಾದವರೇ.

ಪಾರಿವಾಳವೇ ಯಾಕೆ ಅಂದರೆ, ಅದರ ರಕ್ತ ಬಲು ಕಾವು ಅಂತ ನಂಬಿಕೆ. ತಣ್ಣಗಾದ ಅಂಗಕ್ಕೆ ಕಾವು ಕೊಡಬೇಕು ಅನ್ನುವ ತರ್ಕ. ಕೇಳಲು ಸರಿಯೇ. ಆದರೆ ತೊಂದರೆ ಇರುವುದು ಚರ್ಮದಲ್ಲಲ್ಲ, ನರದಲ್ಲಿ. ನಿಜವಾದ ಪಾರ್ಶ್ವವಾಯು ಆದವರಿಗೂ ಇದೇ ಮದ್ದು ಹುಡುಕಿಕೊಂಡು ಹೋದರೆ ಅನಾಹುತ ಕಟ್ಟಿಟ್ಟ ಬುತ್ತಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳ ಹಿಡಿದು ತರುವುದರಲ್ಲೇ ಆ ಹೊತ್ತು ಮುಗಿದಿರುತ್ತದೆ. ಬೆಲ್ಸ್ ಪಾಲ್ಸಿಗೂ ಮೂರು ದಿನದೊಳಗೆ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರೆ ಪೂರ್ತಿ ಗುಣವಾಗುವವರ ಸಂಖ್ಯೆ ಇನ್ನೂ ಜಾಸ್ತಿ. ಯಾವುದು ಯಾವ ಕಾಯಿಲೆ ಅಂತ ಮನೆಯಲ್ಲಿ ತೀರ್ಮಾನಿಸಬೇಡಿ. ಬಾಯಿ ಸೊಟ್ಟಗಾದರೆ ಮೊದಲು ದೊಡ್ಡ ಆಸ್ಪತ್ರೆ.

ತಾನಾಗಿಯೇ ವಾಸಿಯಾಗುವ ಕಾಯಿಲೆಗಳೇ ಇಂಥ ಮದ್ದುಗಳಿಗೆ ಹೆಸರು ತಂದುಕೊಟ್ಟಿವೆ. ಕಾಮಾಲೆ ನೋಡಿ. ಕೊಳಕು ನೀರಿನಿಂದ ಬರುವ ಕಾಮಾಲೆ ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಾವು ಕಡಿತದ ಕಥೆಯೂ ಹೆಚ್ಚು ಬೇರೆಯಲ್ಲ. ನಮ್ಮ ದೇಶದ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಬರೀ ಕಚ್ಚಿ ಹೋಗುತ್ತದೆ. ಅಂಥವರಿಗೆ ಕೋಳಿ ಮರಿಯ ಗುದವನ್ನು ಗಾಯಕ್ಕೆ ಒತ್ತಿ ಹಿಡಿದು, ಮರಿ ಸತ್ತರೆ ‘ವಿಷ ಎಳೆಯಿತು’ ಅನ್ನುವ ಪದ್ಧತಿ ಇದೆ. ಬಿಗಿಯಾಗಿ ಅಮುಕಿ ಹಿಡಿದರೆ ಪುಟ್ಟ ಮರಿ ಸಾಯದೆ ಏನು ಮಾಡುತ್ತದೆ? ವಿಷದ ಕಲ್ಲು ಅಂತ ಅಂಟಿಸುವುದು ಹೆಚ್ಚಾಗಿ ಸುಟ್ಟ ದನದ ಮೂಳೆಯ ಚೂರು. ಅದು ತೂತು ತೂತಾಗಿರುವುದರಿಂದ ಒದ್ದೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಆಗಲೇ ಮೈಗೆ ಇಳಿದ ವಿಷವನ್ನು ಅದು ವಾಪಸ್ ತರಲಾರದು.

ಹಾಗಂತ ಪ್ರಾಣಿಯಿಂದ ಬಂದ ಮದ್ದೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಾವಿನ ವಿಷಕ್ಕೆ ನಮ್ಮ ಬಳಿ ಇರುವ ಒಂದೇ ಖಚಿತ ಮದ್ದು ಪ್ರಾಣಿಯಿಂದಲೇ ಬರುತ್ತದೆ. ತಮಿಳುನಾಡಿನ ಇರುಳರು, ಅಂದರೆ ಹಾವು ಹಿಡಿಯುವುದರಲ್ಲಿ ಪಳಗಿದ ಬುಡಕಟ್ಟಿನವರು, 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಚೂರು ಚೂರೇ ಕುದುರೆಗೆ ಚುಚ್ಚುತ್ತಾ ಬರುತ್ತಾರೆ. ಕುದುರೆಯ ರಕ್ತದಲ್ಲಿ ಅದನ್ನು ತಡೆಯುವ ಶಕ್ತಿ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿದರೆ ಪ್ರತಿವಿಷ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಕಡಿತ ಎಲ್ಲೆಲ್ಲಿ ಜಾಸ್ತಿ ಅಂತ ಗೊತ್ತಾದರೆ ತಾನೇ ಅಲ್ಲಿಗೆ ಪ್ರತಿವಿಷ ತಲುಪಿಸುವುದು?

ಜಿಗಣೆಯೂ ಹಾಗೆಯೇ. ಸುಶ್ರುತನ ಕಾಲದಿಂದ ಬಂದ ಚಿಕಿತ್ಸೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ವಸ್ತು ಇದೆ. ತುಂಡಾದ ಬೆರಳು, ಕಿವಿ ಮರುಜೋಡಿಸಿದಾಗ ಅಲ್ಲಿ ಕಟ್ಟಿನಿಂತ ರಕ್ತ ಹೀರಿಸಲು ಜಿಗಣೆ ಬಳಸಲು ಅಮೆರಿಕದಲ್ಲಿ 2004ರಲ್ಲಿ ಅನುಮತಿ ಕೊಟ್ಟರು. ಆದರೆ ಹಳ್ಳದಿಂದ ಹಿಡಿದು ತಂದ ಜಿಗಣೆಯನ್ನು ಮನೆಯಲ್ಲಿ ಬಿಟ್ಟುಕೊಂಡರೆ ಗಾಯಕ್ಕೆ ಸೋಂಕು ತಗಲಬಹುದು. ಸಕ್ಕರೆ ಕಾಯಿಲೆ ಇರುವವರಂತೂ ಹತ್ತಿರ ಹೋಗಬಾರದು.

ಮೂಳೆ ಕಟ್ಟುವವರ ಮೊಟ್ಟೆಯ ಪಟ್ಟಿ ನನಗೆ ತುಂಬಾ ಇಷ್ಟದ ಉದಾಹರಣೆ. ಆಂಧ್ರದ ಪುತ್ತೂರು ಕಟ್ಟು ಹೆಸರುವಾಸಿ, ನಮ್ಮಲ್ಲೂ ಊರೂರಿಗೆ ಕಟ್ಟುವವರಿದ್ದಾರೆ. ಮೊಟ್ಟೆಯ ಬಿಳಿ ಲೋಳೆಗೆ ಉದ್ದಿನ ಹಿಟ್ಟು ಅಥವಾ ಸೊಪ್ಪಿನ ಪುಡಿ ಕಲಸುತ್ತಾರೆ. ಹಳೇ ಪಂಚೆಯ ಪಟ್ಟಿಗಳನ್ನು ಅದರಲ್ಲಿ ನೆನೆಸುತ್ತಾರೆ. ಮುರಿದ ಕೈಯನ್ನು ನೆಟ್ಟಗೆ ಎಳೆದು, ಪಟ್ಟಿ ಸುತ್ತಿ, ಮೇಲೆ ಬಿದಿರಿನ ಸೀಳು ಇಟ್ಟು ಮತ್ತೆ ಸುತ್ತುತ್ತಾರೆ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ಹಲಗೆಯ ಹಾಗೆ ಟಣ್ ಟಣ್ ಅನ್ನುತ್ತದೆ. ಮೊಟ್ಟೆ ಮೂಳೆಗೆ ಶಕ್ತಿ ಕೊಡುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಅದೇನೂ ಇಲ್ಲ. ಮೊಟ್ಟೆ ಇಲ್ಲಿ ಬರೀ ಗೋಂದು. ಮೂಳೆ ಅಲ್ಲಾಡದೆ ಇದ್ದರೆ ತಾನೇ ಕೂಡಿಕೊಳ್ಳುತ್ತದೆ. ಕೆಲಸ ಮಾಡುವುದು ಆ ಮನುಷ್ಯನ ಕೈಚಳಕ. ಕಟ್ಟು ಬಿಗಿಯಾದರೆ ಮಾತ್ರ ಕಷ್ಟ. ಬೆರಳು ಮರಗಟ್ಟಿ, ನೀಲಿಯಾಗಿ, ತಣ್ಣಗಾದರೆ ಒಂದು ಗಂಟೆಯೂ ಕಾಯದೆ ಬಿಚ್ಚಿಸಿ ಆಸ್ಪತ್ರೆಗೆ ಓಡಬೇಕು. ಕಟ್ಟಿನಿಂದ ಕೈ ಕೊಳೆತು ಕತ್ತರಿಸಬೇಕಾದ ಪ್ರಕರಣಗಳು ಬೇಕಾದಷ್ಟಿವೆ.

ಮಲೆನಾಡಿನ ಚಗಳಿ ಚಟ್ನಿಯ ಬಗ್ಗೆಯೂ ಒಂದು ಮಾತು. ಕೆಂಪಿರುವೆ, ಅದರ ಮೊಟ್ಟೆ, ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಹಾಕಿ ಅರೆದರೆ ನೆಗಡಿಯಲ್ಲಿ ಕಟ್ಟಿದ ಮೂಗು ಬಿಡುತ್ತದೆ ಅನ್ನುವುದು ಸುಳ್ಳಲ್ಲ. ಆ ಹುಳಿ ಮತ್ತು ಖಾರಕ್ಕೆ ಯಾರ ಮೂಗಾದರೂ ಸುರಿಯಬೇಕು! ಒಡಿಶಾದ ಸಿಮ್ಲಿಪಾಲ್ ಕಡೆಯ ಇದೇ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಸೀಮೆಯದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಅದು ಆಹಾರವಾಗಿ ಸಿಕ್ಕ ಮನ್ನಣೆ. ಕೊರೊನಾ ಕಾಲದಲ್ಲಿ ಇದನ್ನು ದೇಶಕ್ಕೆಲ್ಲ ಮದ್ದಾಗಿ ಕೊಡಿಸಿ ಅಂತ ಒಬ್ಬರು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. 2021ರಲ್ಲಿ ಕೋರ್ಟು ಒಪ್ಪಲಿಲ್ಲ. ಊಟಕ್ಕೆ ಚೆನ್ನಾಗಿದೆ, ತಿನ್ನಿ. ಏಡಿ ಸಾರೂ ಹಾಗೆಯೇ, ಆದರೆ ಚೆನ್ನಾಗಿ ಬೇಯಬೇಕು. ಅರೆಬೆಂದ ಏಡಿಯಿಂದ ಶ್ವಾಸಕೋಶಕ್ಕೆ ಹೋಗುವ ಒಂದು ಹುಳು ಇದೆ. ಈಶಾನ್ಯ ರಾಜ್ಯಗಳಲ್ಲಿ ಅದನ್ನು ಕ್ಷಯ ಅಂತ ತಪ್ಪು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದವರಿದ್ದಾರೆ.

ಈಗ ನಿಮ್ಮ ಮನೆಯ ಬಾಟಲಿಗೆ ಬರೋಣ.

ಉಡ ಹಿಡಿದ ಹಿಡಿತ ಬಿಡುವುದಿಲ್ಲ, ಅಲ್ವಾ? ಉಡದ ಪಟ್ಟು ಅಂತ ಗಾದೆ ಮಾತೇ ಇದೆ. ಅಷ್ಟು ಗಟ್ಟಿ ಪ್ರಾಣಿಯ ಕೊಬ್ಬು ಹಚ್ಚಿದರೆ ನಮ್ಮ ಸೊಂಟ, ಮಂಡಿಗೂ ಆ ಬಲ ಬರುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಕರಡಿ ಕೂದಲಿನ ತಾಯತ ಕಟ್ಟಿದರೆ ಮಗು ಹೆದರುವುದಿಲ್ಲ ಅನ್ನುವುದೂ ಇದೇ ಜಾತಿಗೆ ಸೇರಿದ್ದು. ಪ್ರಾಣಿಯ ಗುಣ ಮದ್ದಿನೊಳಗೆ ಇಳಿಯುತ್ತದೆ ಅನ್ನುವ ನಂಬಿಕೆ. ಆದರೆ ಉಡದ ಬಲ ಇರುವುದು ಅದರ ಸ್ನಾಯುವಿನಲ್ಲಿ, ಉಗುರಿನಲ್ಲಿ. ಕರಗಿಸಿದ ಕೊಬ್ಬು ಯಾವುದಾದರೂ ಕೊಬ್ಬೇ. ಕೋಳಿಯದಾದರೇನು, ಉಡದ್ದಾದರೇನು?

ಸಂತೆಯಲ್ಲಿ ಮಾರುವವನ ಆಟ ನೋಡಿದ್ದೀರಾ? ಸ್ಟೌವ್ ಮೇಲೆ ಬಾಣಲೆ, ಅದರಲ್ಲಿ ಕಪ್ಪಗೆ ಕುದಿಯುವ ಎಣ್ಣೆ, ಪಕ್ಕದಲ್ಲಿ ಒಣಗಿದ ಒಂದು ಚರ್ಮ. ‘ಅಂಗೈಗೆ ಹಾಕಿದರೆ ಹಿಂಗೈಯಲ್ಲಿ ಬರುತ್ತೆ ನೋಡಿ’ ಅಂತ ನಿಮ್ಮ ಕೈ ಹಿಡಿದು ಎಣ್ಣೆ ಬಿಡುತ್ತಾನೆ. ಸ್ವಲ್ಪ ಹೊತ್ತಿಗೆ ಹಿಂಗೈ ಜಿಡ್ಡಾಗಿರುತ್ತದೆ. ಅವನ ಬೆರಳು ಎಣ್ಣೆಯಲ್ಲಿ ಅದ್ದಿಕೊಂಡೇ ನಿಮ್ಮ ಹಿಂಗೈಯನ್ನು ಹಿಡಿದಿತ್ತು ಅನ್ನುವುದು ಆ ಗದ್ದಲದಲ್ಲಿ ನೆನಪಾಗಲ್ಲ. ಬಾಟಲಿ ಮೂಸಿ ನೋಡಿ. ನೀಲಗಿರಿ ಎಣ್ಣೆ, ಕರ್ಪೂರದ ವಾಸನೆ ಬಂದರೆ ಚುರುಚುರು ಬಿಸಿ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ. ಇಂಥ ಎಷ್ಟೋ ಬಾಟಲಿಗಳಲ್ಲಿ ಉಡದ ಹನಿಯೂ ಇರುವುದಿಲ್ಲ.

ಹಾಗಾದರೆ ಅತ್ತೆಗೆ ಆರಾಮ ಅನಿಸಿದ್ದು? ಅದು ನಿಜವೇ. ದಿನಾ ಒಬ್ಬರು ಕೂತು ಬೆಚ್ಚಗಿನ ಎಣ್ಣೆ ಹಚ್ಚಿ ತೊಡೆ, ಮಂಡಿ, ಮೀನಖಂಡ ತಿಕ್ಕಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಕಮ್ಮಿಯಾಗುತ್ತದೆ. ಎಳ್ಳೆಣ್ಣೆಯಲ್ಲಿ ತಿಕ್ಕಿದ್ದರೂ ಇಷ್ಟೇ ಆರಾಮ ಸಿಗುತ್ತಿತ್ತು. ನಿಮ್ಮ ನಾಟಿ ವೈದ್ಯರ ಕೈಗುಣದ ಹೆಸರನ್ನು ಉಡ ಹೊಡೆದುಕೊಂಡು ಹೋಗಿದೆ ಅಷ್ಟೇ.

ಕಾನೂನಿನ ಪ್ರಶ್ನೆ ಕೇಳಿದ್ದೀರಿ. ಹೌದು, ಕೇಸ್ ಆಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡ ಮೊದಲ ಪರಿಚ್ಛೇದದಲ್ಲಿದೆ. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ಕೊಲ್ಲುವುದು ಮಾತ್ರವಲ್ಲ, ಅದರಿಂದ ಮಾಡಿದ ವಸ್ತು ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದೂ ಅಪರಾಧ. ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಮೇಲೆ ರಾಜ್ಯದಲ್ಲಿ ಸಾಲು ಸಾಲು ಕೇಸ್ ಆಗಿದ್ದು ನೆನಪಿರಬೇಕು. ಕಾಡುಪಾಪ, ಚಿಪ್ಪುಹಂದಿ ಕೂಡ ಇದೇ ಪಟ್ಟಿಯಲ್ಲಿವೆ. ನವಿಲೂ ಇದೆ, ಆದರೆ ತಾನಾಗಿ ಉದುರಿದ ಗರಿಗೆ ದೇಶದೊಳಗೆ ವಿನಾಯಿತಿ ಇದೆ. ಬಿಕ್ಕಳಿಕೆಗೆ ನವಿಲುಗರಿಯ ಬೂದಿ ಕೊಡುವವರಿಗೆ ಅಷ್ಟರ ಮಟ್ಟಿಗೆ ತೊಂದರೆ ಇಲ್ಲ. ನವಿಲೆಣ್ಣೆ ಅಂತ ಮಾರುವುದು ಮಾತ್ರ ಅಪರಾಧವೇ.

ಆನ್‌ಲೈನಿನಲ್ಲಿ ‘ಹತ್ತಾ ಜೋಡಿ’ ಅಂತ ಒಂದು ಬೇರು ಸಿಗುತ್ತದೆ, ಪೂಜೆಯ ಸಾಮಾನಿನ ಜೊತೆ. ಕೈ ಜೋಡಿಸಿದ ಹಾಗೆ ಕಾಣುತ್ತದೆ. ಅದೃಷ್ಟ ತರುತ್ತದೆ ಅಂತ ಜನ ಕೊಳ್ಳುತ್ತಿದ್ದರು. 2017ರಲ್ಲಿ ಪರೀಕ್ಷೆ ಮಾಡಿ ನೋಡಿದರೆ ಅದು ಗಿಡದ ಬೇರಲ್ಲ, ಒಣಗಿಸಿದ ಗಂಡು ಉಡದ ಜನನಾಂಗ! ಕೆಲವಂತೂ ಪ್ಲಾಸ್ಟಿಕ್ ಅಚ್ಚಿನವು. ದೇವರ ಕೋಣೆಯಲ್ಲಿ ಇಟ್ಟುಕೊಂಡವರ ಮುಖ ಹೇಗಾಗಿರಬೇಕು ಅಂತ ಯೋಚನೆ ಮಾಡಿ.

ಕಾನೂನು ಬಂದಾಗ ಹೊಟ್ಟೆಪಾಡಿಗೆ ಬೇಟೆಯನ್ನೇ ನಂಬಿದವರು ಏನು ಮಾಡಬೇಕಿತ್ತು ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಹಕ್ಕಿಪಿಕ್ಕಿ ಜನ ಬೇಟೆ ಬಿಟ್ಟು ಗಿಡಮೂಲಿಕೆಯ ಎಣ್ಣೆ ಹಿಡಿದರು. ಅದನ್ನು ಮಾರುತ್ತಾ ಆಫ್ರಿಕಾದವರೆಗೂ ಹೋದರು. 2023ರಲ್ಲಿ ಸುಡಾನಿನ ಗಲಭೆಯಲ್ಲಿ ಅವರು ಸಿಕ್ಕಿಹಾಕಿಕೊಂಡಾಗಲೇ ನಮ್ಮಲ್ಲಿ ಎಷ್ಟೋ ಮಂದಿಗೆ ಈ ವಿಷಯ ತಿಳಿದಿದ್ದು. ಪ್ರಾಣಿಯನ್ನು ಬಿಟ್ಟರೆ ಕಸುಬು ಸತ್ತೇ ಹೋಗುತ್ತದೆ ಅನ್ನುವ ಮಾತನ್ನು ಹಾಗಾಗಿ ನಾನು ಪೂರ್ತಿ ನಂಬುವುದಿಲ್ಲ.

ಮಗುವಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಂತುಕೊಳ್ಳಿ. ಕತ್ತೆ ಹಾಲು ವಿಷವೇನಲ್ಲ. ಅದರಲ್ಲಿ ಕೊಬ್ಬು ತುಂಬಾ ಕಡಿಮೆ, ಸಿಹಿ ಅಂಶ ಹೆಚ್ಚುಕಡಿಮೆ ತಾಯಿ ಹಾಲಿನಷ್ಟೇ. ಹಾಗಾಗಿ ನಮ್ಮಜ್ಜಿಯರು ಅದನ್ನು ಹಗುರ ಹಾಲು ಅಂದಿದ್ದರಲ್ಲಿ ಅರ್ಥ ಇದೆ. ಆದರೆ ಬೀದಿಯಲ್ಲಿ ಕತ್ತೆ ನಿಲ್ಲಿಸಿ, ಕೆಚ್ಚಲು ತೊಳೆಯದೆ, ಅಲ್ಲೇ ಮುಚ್ಚಳಕ್ಕೆ ಕರೆದು, ಒಳಲೆಯಲ್ಲಿ ಹಸಿಯಾಗಿಯೇ ಮಗುವಿನ ಬಾಯಿಗೆ ಬಿಡುತ್ತಾರಲ್ಲ, ಅಪಾಯ ಇರುವುದು ಅಲ್ಲಿ. ಕಾಯಿಸದ ಹಾಲಿನಿಂದ ಭೇದಿ, ಬ್ರುಸೆಲ್ಲಾ ಜ್ವರ ಬರಬಹುದು. ಒಂದು ಮುಚ್ಚಳ ಹಾಲಿನಿಂದ ಕಫ ಕರಗುವುದೂ ಇಲ್ಲ, ಕಂಠ ಇಂಪಾಗುವುದೂ ಇಲ್ಲ.

ಗೋರೋಚನ ಅಂದರೆ ದನದ ಪಿತ್ತಕೋಶದಲ್ಲಿ ಬೆಳೆಯುವ ಕಲ್ಲು. ಅಪರೂಪದ್ದು, ಬಲು ದುಬಾರಿ. ಅಷ್ಟು ದುಬಾರಿ ವಸ್ತು ಚಿಲ್ಲರೆ ದುಡ್ಡಿಗೆ ಸಿಕ್ಕರೆ ಅದು ಏನು ಅಂತ ಯಾರು ಹೇಳಬೇಕು? ಎಂಟು ತಿಂಗಳ ಮಗುವಿಗೆ ಗೊತ್ತಿಲ್ಲದ ಪುಡಿ ತೇದು ನೆಕ್ಕಿಸಬೇಡಿ. ಜೇನೂ ಬೇಡ. ಒಂದು ವರ್ಷದೊಳಗಿನ ಮಕ್ಕಳ ಕರುಳಿನಲ್ಲಿ ಜೇನಿನೊಳಗಿನ ಒಂದು ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಮೈಯೆಲ್ಲ ಸೋತುಹೋಗಬಹುದು. ವರ್ಷ ದಾಟಿದ ಮೇಲೆ ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನು ಒಳ್ಳೆಯ ಮದ್ದೇ.

ಈಗ ಎದೆಹಾಲು ಆಗಾಗ ಕುಡಿಸಿ, ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ ಹಾಕಿ. ಮಗು ಮಲಗಿದ್ದಾಗ ಹೊಟ್ಟೆ ನೋಡಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ ಅದು ಬರೀ ಕಫವಲ್ಲ. ಆಗಲೇ ಕರೆದುಕೊಂಡು ಹೋಗಿ.

ಇನ್ನು ಅತ್ತೆಗೆ ಹೇಳುವುದು. ‘ಇದೆಲ್ಲ ಮೂಢನಂಬಿಕೆ’ ಅಂತ ಶುರು ಮಾಡಿದರೆ ಮಾತು ಅಲ್ಲೇ ಮುಗಿಯಿತು. ವೈದ್ಯರನ್ನು ಬಿಡಿ ಅನ್ನಲೂ ಬೇಡಿ. ‘ಅತ್ತೆ, ಅವರ ಕೈಗುಣ ಚೆನ್ನಾಗಿದೆ, ಅವರೇ ತಿಕ್ಕಲಿ, ಎಣ್ಣೆ ಮಾತ್ರ ನಾವೇ ಕಾಯಿಸಿ ಕೊಡೋಣ’ ಅನ್ನಿ. ಕಾಲು ಲೀಟರ್ ಎಳ್ಳೆಣ್ಣೆಗೆ ಒಂದು ಹಿಡಿ ಲಕ್ಕಿ ಸೊಪ್ಪು ಹಾಕಿ, ಸೊಪ್ಪಿನ ಸದ್ದು ನಿಲ್ಲುವವರೆಗೂ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿಕೊಳ್ಳಿ. ವೈದ್ಯರನ್ನೂ ಒಮ್ಮೆ ಕೇಳಿ ನೋಡಿ. ನನಗೆ ಗೊತ್ತಿರುವ ಹಿರಿಯ ನಾಟಿ ವೈದ್ಯರಲ್ಲಿ ಉಡ, ಬಾವಲಿ ಎಲ್ಲ ಬಿಟ್ಟು ಬರೀ ಸೊಪ್ಪು, ಬೇರಿನಲ್ಲೇ ಮದ್ದು ಮಾಡುವವರು ಇದ್ದಾರೆ. ಸಂತೆಯಿಂದ ಬಾಟಲಿ ತಂದವರು ಭಾವ, ವೈದ್ಯರಲ್ಲ ಅನ್ನುವುದನ್ನೂ ಗಮನಿಸಿ. ಅವರಿಗೂ ಅದು ಬೇಡವಾಗಿರಬಹುದು, ಮನೆಯವರು ಕೊಟ್ಟಿದ್ದನ್ನು ಹಚ್ಚುತ್ತಿರಬಹುದು.

ಆ ಬಾಟಲಿಯನ್ನು ಇನ್ನೊಬ್ಬರಿಗೆ ಕೊಡಬೇಡಿ, ಮಾರಲು ಹೋಗಬೇಡಿ, ಫೋಟೊ ತೆಗೆದು ವಾಟ್ಸಾಪಿಗೆ ಹಾಕಬೇಡಿ. ಗೊತ್ತಿರುವ ವಕೀಲರಿದ್ದರೆ ಒಂದು ಮಾತು ಕೇಳಿಕೊಂಡು, ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ನೀವೇ ಒಪ್ಪಿಸುವುದು ಒಳ್ಳೆಯದು.

ಎಣ್ಣೆಯ ಜೊತೆಗೆ ಅತ್ತೆಗೆ ಒಂದು ವ್ಯಾಯಾಮ ಹೇಳಿಕೊಡಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿ, ತೊಡೆ ಬಿಗಿ ಹಿಡಿದು ಹತ್ತು ಎಣಿಸಿ ಇಳಿಸುವುದು. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಆರು ವಾರ ಬಿಡದೆ ಮಾಡಲಿ. ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಕಮ್ಮಿ ಮಾಡಲಿ. ಯಾರಾದರೂ ಹೆಸರಿಲ್ಲದ ಪುಡಿ ಕೊಟ್ಟು, ಅದನ್ನು ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಖುಷಿಪಡಬೇಡಿ. ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಅಥವಾ ರಾತ್ರಿ ಮಲಗಿದ್ದಾಗಲೂ ನೋವು ಬಿಡದಿದ್ದರೆ ತಿಕ್ಕುವುದನ್ನು ಅಂದೇ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.